ಎಡೆಗೆ ಮುಂಚಿನ ಚಮಚ

ಕೋಸಂಬರಿ ಬೇಡವಂತೆ ಎಂದು ನಮ್ಮ ಅಡುಗೆ ಕಂಟ್ರಾಕ್ಟರ್ ಬಂದು ಹೇಳಿದಾಗ ನಾನು ಕೋಸಂಬರಿಗೇ ಸೌತೆಕಾಯಿ ಹೆಚ್ಚುತ್ತಾ ಕೂತಿದ್ದೆ. ಕಡೂರಿನಲ್ಲಿ ನಮ್ಮದೊಂದು ಶೆಡ್ಡಿದೆ. ಮದುವೆ, ಗೃಹಪ್ರವೇಶಗಳ ಪಾತ್ರೆ ಪಡಗ ಇಡುವುದೂ ಅಲ್ಲಿ, ತಯಾರಿ ಮಾಡಿಕೊಳ್ಳುವುದೂ ಅಲ್ಲಿ. ಕಂಟ್ರಾಕ್ಟರ್ ತರೀಕೆರೆಯ ದೊಡ್ಡ ಮದುವೆಯೊಂದನ್ನು ಒಪ್ಪಿಕೊಂಡು ಬಂದಿದ್ದ. ಎಲೆಯ ಮೇಲೆ ಕೋಸಂಬರಿಯ ಜಾಗದಲ್ಲಿ ಸಲಾಡ್ ಇರಬೇಕು, ಬಡಿಸುವಾಗಲೇ ಅದರ ಮೇಲೆ ಒಂದು ಸೌಟು ಡ್ರೆಸ್ಸಿಂಗ್ ಹಾಕಬೇಕು ಎಂದು ಹುಡುಗಿಯ ತಾಯಿ ಹೇಳಿದ್ದರಂತೆ. ಆ ಡ್ರೆಸ್ಸಿಂಗ್ ಬಾಟಲಿಯದ್ದಾಗಬಾರದು, ಮೊಟ್ಟೆ ಸೇರಬಾರದು, ಇಲ್ಲೇ ಕೈಯಾರೆ ಮಾಡಿದ್ದಾಗಿರಬೇಕು.

ಅಡುಗೆಯವರ ನಡುವೆ ನನ್ನನ್ನು ಕೋಸಂಬರಿ ಅಕ್ಕ ಅಂತಲೇ ಕರೆಯುವುದು. ಹೆಸರು ಹಿಡಿದು ಕರೆದರೆ ನಾನೇ ಒಂದು ಗಳಿಗೆ ತಿರುಗಿ ನೋಡುವುದಿಲ್ಲ. ಉಪ್ಪು ಬಡಿಸಿದ ಹಿಂದೆಯೇ ಎಲೆಗೆ ಬೀಳುವುದು ನನ್ನ ಕೈಯ ಪದಾರ್ಥ. ಆ ಜಾಗಕ್ಕೇ ಕುತ್ತು ಬಂತಲ್ಲ ಅಂತ ನಾನು ಕೈಯಲ್ಲಿದ್ದ ಚಾಕು ಕೆಳಗಿಟ್ಟೆ. ಹಾಗಾದರೆ ಈ ಡ್ರೆಸ್ಸಿಂಗನ್ನೂ ನಾನೇ ಕಲಿತುಕೊಳ್ಳುತ್ತೇನೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಮಾತು ಮುಗಿಸಿದ.

"ಸಖರಾಯಪಟ್ಟಣದಿಂದ ಒಬ್ಳು ಬತ್ತಾಳೆ ಅಕ್ಕ. ರೆಸಾರ್ಟ್ ಅಡುಗೆಮನೇಲಿ ಇದ್ದೋಳು. ಅವಳಿಗೆ ಇದೆಲ್ಲ ಗೊತ್ತು. ನೀವು ಸ್ವಲ್ಪ ಜೊತೇಲಿರಿ, ಸಾಕು."

ಜೊತೇಲಿರಿ, ಸಾಕು. ಹಿತ್ತಲ ಗಿಡ ಮದ್ದಲ್ಲ ಎನ್ನುವುದನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಆ ಹಿತ್ತಲ ಗಿಡ ನಾನೇ ಆದಾಗ ಗಾದೆ ಅಷ್ಟು ಚೆನ್ನಾಗಿ ಕೇಳಿಸಲಿಲ್ಲ.

ಎರಡು ದಿನ ಬಿಟ್ಟು ಬೆಳಗಿನ ಬಸ್ಸಿಗೆ ಅವಳು ಬಂದಳು. ಮೂವತ್ತರ ಆಸುಪಾಸು. ಹೆಗಲ ಚೀಲದಲ್ಲಿ ಒಂದು ತಂತಿಯ ಕಡೆಗೋಲು, ಬಿಳಿ ಬಟ್ಟೆಯಲ್ಲಿ ಸುತ್ತಿದ ಹನ್ನೆರಡು ಸ್ಟೀಲ್ ಚಮಚ. ನಾವು ಕೈ ನಂಬಿ ಬಂದವರು. ಇವಳೇನು ಚಮಚದ ಅಂಗಡಿ ಇಡಲು ಬಂದಳೋ ಎಂದು ಪಕ್ಕದಲ್ಲಿ ಬೇಳೆ ಆರಿಸುತ್ತಿದ್ದವಳ ಕಿವಿಯಲ್ಲಿ ಅಂದೆ. ಬೇಳೆಯವಳು ನಕ್ಕಳು. ನನಗೆ ನಗು ಬರಲಿಲ್ಲ, ಯಾಕೆಂದರೆ ಆ ಕಡೆಗೋಲು ಬಹಳ ಚೆನ್ನಾಗಿತ್ತು.

ಅವಳು ಮಾಡಿದ್ದನ್ನು ನಾನು ಕಣ್ಣು ಪಿಳುಕಿಸದೆ ನೋಡಿದೆ. ಮೊದಲೇ ಹೇಳಿ ನೆನೆಹಾಕಿಸಿದ್ದ ಸಾಸಿವೆಯನ್ನು ಒರಳಿಗೆ ಹಾಕಿ, ತಣ್ಣೀರು ಚಿಮುಕಿಸಿಕೊಂಡು ನಯವಾಗಿ ಅರೆದಳು. ಅರೆದದ್ದನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟಳು. ಆಮೇಲೆ ನಿಂಬೆರಸ, ಅದರಲ್ಲೇ ಕರಗಿಸಿದ ಉಪ್ಪು, ಒಂದಿಷ್ಟು ಬೆಲ್ಲದ ನೀರು, ಕುಟ್ಟಿದ ಮೆಣಸು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಆದ್ದರಿಂದ ರಸದಲ್ಲೇ ಮೊದಲು ಕರಗಬೇಕು ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಕೊನೆಗೆ ಕಡಲೇಕಾಯಿ ಎಣ್ಣೆ. ಒಂದು ಪಾಲು ರಸಕ್ಕೆ ಮೂರು ಪಾಲು. ಅದನ್ನು ಸುರಿಯಲಿಲ್ಲ, ಹನಿಹನಿಯಾಗಿ ಇಳಿಸುತ್ತಾ ಒಂದೇ ಸಮನೆ ಕಡೆದಳು. ನೋಡನೋಡುತ್ತಾ ಎಣ್ಣೆಯೂ ರಸವೂ ಬೇರೆ ಅನ್ನುವುದೇ ಇಲ್ಲದಂತೆ ಕೂಡಿಕೊಂಡು ಗಟ್ಟಿ ಮಜ್ಜಿಗೆಯ ಹಾಗೆ ಆಯಿತು.

ಪ್ರತಿ ಹಂತಕ್ಕೂ ಒಂದು ಚಮಚ ತೆಗೆದು ರುಚಿ ನೋಡುವಳು, ಆ ಚಮಚವನ್ನು ಪಕ್ಕದ ಬೋಗುಣಿಗೆ ಹಾಕಿ ಇನ್ನೊಂದು ತೆಗೆಯುವಳು. ಕಂಟ್ರಾಕ್ಟರ್ ನೆಕ್ಕಿ ನೋಡಿ ತಲೆದೂಗಿದ. ನನಗೂ ಒಂದು ಚಮಚ ಕೊಟ್ಟರು. ಮೊದಲು ಹುಳಿ, ಹಿಂದೆಯೇ ಸಾಸಿವೆಯ ಘಾಟು, ಕೊನೆಗೆ ನಾಲಿಗೆಯ ಮೇಲೆ ಕಡಲೇಕಾಯಿಯ ಕಮ್ಮನೆಯ ರುಚಿ. ಎಷ್ಟು ಚೆನ್ನಾಗಿತ್ತೆಂದರೆ ನನಗೆ ಕೋಪವೇ ಬಂತು. ಪರವಾಗಿಲ್ಲ ಎಂದೆ. ಅಷ್ಟು ಹೇಳುವುದಕ್ಕೂ ಕಷ್ಟವಾಯಿತು.

ಮಧ್ಯಾಹ್ನ ನಾನು ಕೋಸಂಬರಿ ಕಲಸುವಾಗ ಅವಳು ಬಂದು ಪಕ್ಕದಲ್ಲಿ ನಿಂತಳು. ನಾನು ಮುಷ್ಟಿಯಲ್ಲಿ ಉಪ್ಪು ಹಿಡಿದು, ಬೆರಳ ಸಂದಿಯಿಂದ ಉದುರಿಸಿ, ರುಚಿ ನೋಡದೆ ಪಾತ್ರೆ ಪಕ್ಕಕ್ಕೆ ಸರಿಸಿದೆ. ಅವಳು ಒಂದು ಚಮಚ ತಿಂದು ನೋಡಿ, ಬಾಯಿಗೇ ಇಡದೆ ಹೀಗೆ ಹದವಾಗಿ ಉಪ್ಪು ಹೇಗೆ ಬೀಳುತ್ತದೆ ಎಂದು ಕೇಳಿದಳು. ಕೈಗೆ ಗೊತ್ತಾಗುತ್ತೆ ಎಂದೆ, ಅಷ್ಟೇ. ನಮ್ಮ ಕಡೆಯ ಕೆಲವು ಮನೆಗಳಲ್ಲಿ ಮನೆದೇವರಿಗೂ ಗುರುವಿಗೂ ಎಡೆ ಇಡುವ ತನಕ ಅಡುಗೆಮನೆಯಲ್ಲಿ ಯಾರೂ ಏನನ್ನೂ ಬಾಯಿಗಿಡುವಂತಿಲ್ಲ, ಹಾಗಾಗಿ ಕಣ್ಣು, ಮೂಗು, ಕೈಯಲ್ಲೇ ಹದ ಹಿಡಿಯುವುದನ್ನು ಕಲಿಯಬೇಕಾಯಿತು ಎಂದು ಅಂದೇ ವಿವರಿಸಬಹುದಿತ್ತು. ಈಗ ಎಲ್ಲ ಮನೆಯವರೂ ಇದನ್ನು ಪಾಲಿಸುವುದಿಲ್ಲ. ಪಾಲಿಸುವವರು ಮೊದಲೇ ಹೇಳಿಬಿಡುತ್ತಾರೆ. ಇದನ್ನೆಲ್ಲ ನಾನು ಅವಳಿಗೆ ಹೇಳಲಿಲ್ಲ. ನನ್ನಲ್ಲಿ ಉಳಿದಿದ್ದ ಒಂದೇ ವಿದ್ಯೆಯನ್ನು ಅವಳ ಕೈಗೆ ಯಾಕೆ ಕೊಡಲಿ ಅನ್ನಿಸಿತು.

ಮನೆಗೆ ಹೋದವಳೇ ಸಾಸಿವೆ ನೆನೆಹಾಕಿದೆ. ಒರಳು ಯಾರು ತಿರುವುತ್ತಾರೆ ಅಂತ ಮರುದಿನ ಮಿಕ್ಸಿಗೆ ಹಾಕಿದೆ. ಜಾರು ಬಿಸಿಯಾಗುವಷ್ಟು ಹೊತ್ತು ತಿರುಗಿಸಿದ್ದರಿಂದ ಸಾಸಿವೆ ಕಹಿಯಾಯಿತು. ಕಹಿ ಮುಚ್ಚಲು ಬೆಲ್ಲ ಹೆಚ್ಚು ಹಾಕಿದೆ, ಬೆಲ್ಲ ಮುಚ್ಚಲು ನಿಂಬೆ ಹಿಂಡಿದೆ. ನಮ್ಮ ಯಜಮಾನರು ಅದನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದು, ಯಾರಿಗಾದರೂ ಮೈ ಹುಷಾರಿಲ್ಲವಾ ಎಂದು ಕೇಳಿದರು. ಔಷಧಿ ಅಂದುಕೊಂಡಿದ್ದರು. ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಅಷ್ಟರಲ್ಲಿ ಅಜ್ಜಂಪುರದಲ್ಲಿ ಒಂದು ಗೃಹಪ್ರವೇಶ ಬಂತು. ಚಿಕ್ಕ ಊಟ. ತರೀಕೆರೆಯ ಮದುವೆಗೆ ಮುಂಚೆ ಅಲ್ಲಿ ಸಲಾಡ್ ಬಡಿಸಿ ನೋಡೋಣ ಎಂದು ಕಂಟ್ರಾಕ್ಟರ್ ಅಂದುಕೊಂಡಿದ್ದ. ಡ್ರೆಸ್ಸಿಂಗ್ ನಾನೇ ಮಾಡುತ್ತೇನೆ ಎಂದು ಅವನ ಬೆನ್ನು ಬಿದ್ದೆ. ತಲೆ ಕೆರೆದುಕೊಂಡು ಒಪ್ಪಿದ. ಆದರೆ ಒಂದು ಮಾತನ್ನೂ ಸೇರಿಸಿದ: ತರೀಕೆರೆಯಲ್ಲಿ ಯಾರ ಕೈ ನಡೆಯುತ್ತದೋ ಈ ಸೀಸನ್ನಿನ ಸಲಾಡೆಲ್ಲ ಅವರದೇ, ಎಲೆಯ ಆ ಮೂಲೆಗೆ ಇಬ್ಬರು ಬೇಕಾಗುವುದಿಲ್ಲ.

ಅಜ್ಜಂಪುರದಲ್ಲಿ ನಾನು ಒರಳಲ್ಲೇ ಅರೆದೆ, ಉಪ್ಪನ್ನು ರಸದಲ್ಲೇ ಕರಗಿಸಿದೆ, ಎಣ್ಣೆಯನ್ನು ಹನಿಹನಿಯಾಗಿಯೇ ಇಳಿಸಿದೆ. ಕೂಡಿಕೊಂಡಿತು. ಸಣ್ಣ ಹುಡುಗಿಯ ಹಾಗೆ ಖುಷಿಯಾಯಿತು. ಅಲ್ಲಿಗೆ ಕೈ ಎತ್ತಿದ್ದರೆ ಆಗುತ್ತಿತ್ತು. ಆದರೆ ಮೂವತ್ತು ವರ್ಷ ಕೋಸಂಬರಿ ಕಲಸಿದ ಕೈ ಅದು, ಒಗ್ಗರಣೆ ಹಾಕದೆ ಯಾವ ಪಾತ್ರೆಯನ್ನೂ ಮುಚ್ಚಿದ್ದಿಲ್ಲ. ಸೌಟಿನಲ್ಲಿ ಎಣ್ಣೆ ಕಾಯಿಸಿ, ಸಾಸಿವೆ, ಇಂಗು, ಕರಿಬೇವು ಹಾಕಿ ಚಟಪಟ ಅನ್ನಿಸಿ, ಹೊಗೆಯಾಡುವ ಹಾಗೇ ಅದರ ಮೇಲೆ ಸುರಿದೆ. ಚೊಯ್ ಎಂದಿತು. ಘಮ್ಮೆಂದಿತು. ಮುಚ್ಚಳ ತೆಗೆದು ಮತ್ತೆ ನೋಡುವಷ್ಟರಲ್ಲಿ ಮೇಲೆ ಎಣ್ಣೆ ತೇಲುತ್ತಿತ್ತು, ಕೆಳಗೆ ತರಿತರಿಯಾದ ಹುಳಿನೀರು.

ನಿಂಬೆಹಣ್ಣು ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಜೊತೆಗೆ ಬಂದಿದ್ದ ಸಖರಾಯಪಟ್ಟಣದವಳು ಒಣಗಿದ ಬೇರೊಂದು ಪಾತ್ರೆ ತೆಗೆದುಕೊಂಡಳು. ಒರಳಿನಲ್ಲಿ ಉಳಿದಿದ್ದ ಸಾಸಿವೆಯನ್ನು ಬಳಿದು ಅದಕ್ಕೆ ಹಾಕಿ, ನನ್ನ ಒಡೆದ ಡ್ರೆಸ್ಸಿಂಗನ್ನು ಚೂರುಚೂರೇ ಇಳಿಸುತ್ತಾ ಕಡೆದಳು. ಕಾಲು ಗಂಟೆಯಲ್ಲಿ ಎಲ್ಲವೂ ಮತ್ತೆ ಕೂಡಿಕೊಂಡಿತು. ಕಂಟ್ರಾಕ್ಟರ್ ಬಂದು ವಿಚಾರಿಸಿದಾಗ, ಅಕ್ಕನೇ ಮಾಡಿದ್ದು, ತಾನು ಬರೀ ಕಡೆದೆ ಎಂದುಬಿಟ್ಟಳು.

ಬೇರೆ ಯಾರಾದರೂ ಆಗಿದ್ದರೆ ಅವಳ ಕೈ ಹಿಡಿದುಕೊಳ್ಳುತ್ತಿದ್ದರೇನೋ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಅವಳು ನನ್ನನ್ನು ಹಂಗಿಸಿದ್ದರೆ ನಾಲ್ಕು ಮಾತು ತಿರುಗಿ ಆಡಬಹುದಿತ್ತು. ಒಳ್ಳೆಯತನಕ್ಕೆ ಏನು ಅಂತ ಬೈಯುವುದು? ಬರುವಾಗ ವ್ಯಾನಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕೂತು ನಿದ್ದೆ ಹೋದಳು. ತಲೆ ನನ್ನ ಭುಜಕ್ಕೆ ವಾಲಿತು. ನಾನು ಭುಜ ಸರಿಸಿಕೊಂಡೆ.

ತರೀಕೆರೆಯ ಮದುವೆಯ ಹಿಂದಿನ ದಿನ ನಾವು ಪಾತ್ರೆಗಳೊಂದಿಗೆ ಛತ್ರಕ್ಕೆ ಹೋದೆವು. ಇಲ್ಲಿನ ಡ್ರೆಸ್ಸಿಂಗ್ ಅವಳದೇ ಎಂದಾಗಿತ್ತು. ಅವಳಿಗೆ ಊರಲ್ಲಿ ಏನೋ ಕೆಲಸವಿತ್ತು, ಬೆಳಿಗ್ಗೆಯೇ ಬರುವವಳಿದ್ದಳು. ಸಂಜೆ ಹುಡುಗಿಯ ಅಜ್ಜಿ ಅಡುಗೆಮನೆಗೆ ಬಂದರು. ಹಣೆಗೆ ವಿಭೂತಿ, ಕತ್ತಿನಲ್ಲಿ ಲಿಂಗದ ಬೆಳ್ಳಿಯ ಕರಡಿಗೆ, ಮೆತ್ತಗಿನ ದನಿ. ನಾಳೆ ಎಡೆ ತೆಗೆದುಕೊಂಡು ಹೋಗಲು ತಾನೇ ಬರುತ್ತೇನೆ, ಅದಕ್ಕೆ ಮುಂಚೆ ಇಲ್ಲಿ ಯಾರೂ ಏನನ್ನೂ ಬಾಯಿಗಿಡಬಾರದು, ಸೊಸೆಗೆ ಬೇಕಾದ ಹೊಸ ಅಡುಗೆಯೆಲ್ಲ ಮಾಡಿಕೊಳ್ಳಿ, ಇದೊಂದು ಮಾತು ನಡೆಸಿಕೊಡಿ ಎಂದರು. ಎಲ್ಲರೂ ಹೂಂಗುಟ್ಟಿದೆವು. ಅಜ್ಜಿ ಹೋದ ಮೇಲೆ ಕಂಟ್ರಾಕ್ಟರ್ ನನ್ನ ಕಡೆ ತಿರುಗಿದ.

"ಅವಳಿಗೆ ಮಾತುಮಾತಿಗೂ ಚಮಚ ಬಾಯಿಗಿಡೋ ಅಭ್ಯಾಸ. ಬೆಳಿಗ್ಗೆ ಬಂದ ತಕ್ಷಣ ನೀವೇ ಹೇಳ್ಬಿಡಿ ಅಕ್ಕ. ಮರೀಬ್ಯಾಡಿ."

ಆಗಲಿ ಎಂದೆ.

ಬೆಳಿಗ್ಗೆ ಆರಕ್ಕೆ ಅವಳು ಬಂದಳು. ಕಂಟ್ರಾಕ್ಟರ್ ಆಗ ಹೊರಗೆ ಹಾಲಿನವರ ಜೊತೆ ಇದ್ದ. ಅವಳು ಕೈ ತೊಳೆಯುವಾಗ ಹೇಳಬಹುದಿತ್ತು. ತಲೆಗೆ ಬಟ್ಟೆ ಕಟ್ಟಿಕೊಳ್ಳುವಾಗ ಹೇಳಬಹುದಿತ್ತು. ಚಮಚದ ಗಂಟು ಬಿಚ್ಚಿ ಸಾಲಾಗಿ ಜೋಡಿಸುವಾಗಲಂತೂ ನಾನು ಮೂರು ಮಾರು ದೂರದಲ್ಲಿ ಕ್ಯಾರೆಟ್ ತುರಿಯುತ್ತಿದ್ದೆ. ಮದುವೆಮನೆಯ ಗಡಿಬಿಡಿಯಲ್ಲಿ ಮರೆತೆ ಎಂದು ಯಾರಿಗೆ ಬೇಕಾದರೂ ಹೇಳಿ ನಂಬಿಸಬಲ್ಲೆ. ಆದರೆ ಮರೆತಿರಲಿಲ್ಲ. ಬೇಕೆಂದೇ ಬಾಯಿ ಮುಚ್ಚಿಕೊಂಡಿದ್ದೆ. ತುಸು ಬೈಸಿಕೊಳ್ಳಲಿ, ಅವಳಿಗೂ ಒಂದು ಪಾತ್ರೆ ಕೈಕೊಡಲಿ ಅನ್ನುವುದಿತ್ತು ಮನಸ್ಸಿನಲ್ಲಿ. ಅದಕ್ಕಿಂತ ಮುಂದಕ್ಕೆ ಯೋಚಿಸಿರಲಿಲ್ಲ ಎಂದರೆ ಅದೂ ಪೂರ್ತಿ ನಿಜವಲ್ಲ.

ಹನ್ನೊಂದರ ಹೊತ್ತಿಗೆ ದೊಡ್ಡ ಕೊಳಗದ ತುಂಬ ಅವಳು ಡ್ರೆಸ್ಸಿಂಗ್ ಮಾಡಿ ಮುಗಿಸುತ್ತಿದ್ದಳು, ಉಳಿದವರು ತಂತಮ್ಮ ಒಲೆಗಳ ಮುಂದೆ ಬಗ್ಗಿದ್ದರು. ಅಡುಗೆಮನೆಗೆ ಬರುವ ಓಣಿಯಲ್ಲಿ ಅಜ್ಜಿ ಎಡೆಯ ಬೆಳ್ಳಿತಟ್ಟೆ ಹಿಡಿದು ಬರುತ್ತಿರುವುದು ನನಗೆ ಕಾಣಿಸಿತು. ಒಂದು ಸಲ ಕೆಮ್ಮಿದ್ದರೂ ಸಾಕಾಗಿತ್ತು. ಕೆಮ್ಮಲಿಲ್ಲ. ಅಜ್ಜಿ ಹೊಸ್ತಿಲು ದಾಟುವಾಗ ಅವಳ ಬಾಯಲ್ಲಿ ಚಮಚವಿತ್ತು.

ಅಜ್ಜಿ ದನಿ ಏರಿಸಲಿಲ್ಲ. ತಟ್ಟೆಯನ್ನು ಎದೆಗೆ ಅವುಚಿಕೊಂಡು ನಿಂತರು. ಎಡೆಗೆ ಮುಂಚೆ ಬಾಯಿಗಿಟ್ಟೆಯಲ್ಲ ತಾಯಿ ಎಂದರು, ಅಷ್ಟೇ. ಬೇರೆ ಯಾವುದನ್ನಾದರೂ ರುಚಿ ನೋಡಿದ್ದಾಳಾ ಎಂದು ವಿಚಾರಿಸಿದರು. ಇಲ್ಲವೆಂದು ಗೊತ್ತಾದ ಮೇಲೆ, ಈ ಕೊಳಗದ್ದು ಎಡೆಗೂ ಬೇಡ, ಎಲೆಗೂ ಬೇಡ, ಇನ್ನೊಂದು ಮಾಡಿ ಎಂದು ಹೇಳಿ ಉಳಿದ ಅಡುಗೆಯ ಕಡೆ ಹೋದರು. ಅಡುಗೆಮನೆಯಲ್ಲಿದ್ದ ಹತ್ತು ಹನ್ನೆರಡು ಜನರೂ ಕೆಲಸ ನಿಲ್ಲಿಸಿದ್ದರು. ಕಂಟ್ರಾಕ್ಟರ್ ಓಡಿ ಬಂದ. ನಿನಗೆ ಯಾರೂ ಹೇಳಲಿಲ್ಲವಾ ಎಂದು ಅವಳನ್ನು ಕೇಳಿದ. ಇಲ್ಲ ಎಂದಳು. ಅವನು ನನ್ನ ಕಡೆ ನೋಡಿದ.

"ಹೇಳಿದ್ದೆ ಕಣಪ್ಪ," ಎಂದೆ. "ಬಂದ ತಕ್ಷಣವೇ ಹೇಳಿದ್ದೆ."

ಅಷ್ಟು ಸಲೀಸಾಗಿ ಬಾಯಿಂದ ಬಂತು. ಅವಳು ನನ್ನ ಮುಖವನ್ನೇ ನೋಡಿದಳು. ನಾನು ನಿಂಬೆಹಣ್ಣಿನ ಬುಟ್ಟಿಯ ಕಡೆ ನೋಡಿದೆ. ಹಿರಿಯಳ ಮಾತು ಅಂತ ಎಲ್ಲರೂ ನಂಬಿದರು. ಅವಳನ್ನು ಹಿಂದಿನ ಅಂಗಳದಲ್ಲಿ ಕೂತಿರಲು ಹೇಳಿದ ಕಂಟ್ರಾಕ್ಟರ್, ಅಜ್ಜಿಯ ಕಾಲು ಹಿಡಿದು ಸಮಾಧಾನ ಹೇಳಲು ಹೋದ. ಹೋಗುತ್ತಾ, ಇನ್ನು ಇದು ನಿಮ್ಮ ಕೈಲಿದೆ ಅಕ್ಕ ಎಂದ.

ಮೊದಲ ಪಂಕ್ತಿಗೆ ಒಂದು ಗಂಟೆಯಿತ್ತು. ನೆನೆದ ಸಾಸಿವೆ ಇನ್ನೂ ಮಿಕ್ಕಿತ್ತು, ಒರಳು ತೊಳೆದು ಅರೆದೆ. ನಾಲಿಗೆಗೆ ಇಡುವಂತಿಲ್ಲ. ಅರೆದದ್ದರ ಮೇಲೆ ಬಗ್ಗಿ ಉಸಿರೆಳೆದಾಗ ಮೂಗಿನ ಬುಡದಲ್ಲಿ ಚುರುಕ್ಕೆಂದು ಕಣ್ಣಲ್ಲಿ ನೀರು ಬಂತು, ಅಂದರೆ ಸಾಸಿವೆಯ ಘಾಟು ಎದ್ದಿದೆ. ನಿಂಬೆಹಣ್ಣಿನ ಹುಳಿ ಎಷ್ಟೆಂದು ತಿಳಿಯಲು ನನ್ನದೊಂದು ದಾರಿಯಿದೆ. ಕಟ್ಟೆಯ ಕಡಪಾ ಕಲ್ಲಿನ ಮೇಲೆ ಒಂದು ಹನಿ ಬಿಟ್ಟು ನೋಡುತ್ತೇನೆ. ಹನಿ ಎಷ್ಟು ಬೇಗ ಸಣ್ಣಗೆ ನೊರೆಯೆದ್ದು ಕಲ್ಲು ಬೆಳ್ಳಗಾಗುತ್ತದೋ ಅಷ್ಟು ಹುಳಿ. ಅವತ್ತಿನ ಹಣ್ಣು ಜೋರಾಗಿತ್ತು. ಬೆಲ್ಲದ ನೀರು ಒಂದು ಲೋಟ ಹೆಚ್ಚಿಗೆ ಹಾಕಿದೆ. ಉಪ್ಪನ್ನು ಮುಷ್ಟಿಯಲ್ಲಿ ಹಿಡಿದೆ. ಐದು ಮುಷ್ಟಿ ಆದ ಮೇಲೆ ಆರನೆಯದನ್ನು ಅರ್ಧಕ್ಕೆ ನಿಲ್ಲಿಸಿದೆ. ಯಾಕೆ ಅರ್ಧ ಎಂದು ಕೇಳಿದರೆ ನನಗೂ ಗೊತ್ತಿಲ್ಲ.

ಎಣ್ಣೆ ಇಳಿಸುವಾಗ ತೊಂದರೆಯಾಯಿತು. ಮನೆಯ ಬೋಗುಣಿಯಲ್ಲಿ ಹನಿಹನಿಯಾಗಿ ಇಳಿಸುವುದೇ ಬೇರೆ, ಕೊಳಗಕ್ಕೆ ಕ್ಯಾನಿನಿಂದ ಇಳಿಸುವುದೇ ಬೇರೆ. ವಾದ್ಯದವರು ಜೋರಾಗಿ ನುಡಿಸತೊಡಗಿದಾಗ ಮುಹೂರ್ತ ಆಗಿಯೇಬಿಟ್ಟಿತೇನೋ ಎಂದು ಗಾಬರಿಯಾಗಿ ಕ್ಯಾನು ಬಗ್ಗಿತು. ಒಂದೇ ಸಲಕ್ಕೆ ಬುಳಕ್ಕನೆ ಎಣ್ಣೆ ಬಿದ್ದು, ಕೂಡಿಕೊಂಡಿದ್ದೆಲ್ಲ ಮತ್ತೆ ಬೇರೆಯಾಯಿತು. ಆಮೇಲೆ ನಾನು ಮಾಡಿದ್ದೆಲ್ಲ ಅವಳು ಅಜ್ಜಂಪುರದಲ್ಲಿ ಮಾಡಿದ್ದೇ. ಒಣಗಿದ ಪಾತ್ರೆ, ಅದಕ್ಕೆ ಒಂದು ಸೌಟು ಸಾಸಿವೆ, ಒಡೆದದ್ದನ್ನು ಚೂರುಚೂರೇ ಇಳಿಸುವುದು. ನನ್ನ ಕಟ್ಟಿಗೆಯ ಕಡೆಗೋಲಿಗೆ ಅದು ಬಗ್ಗಲಿಲ್ಲ. ಅವಳ ಚೀಲಕ್ಕೆ ಕೈ ಹಾಕಿ ಅವಳ ತಂತಿಯ ಕಡೆಗೋಲನ್ನೇ ತೆಗೆದುಕೊಂಡೆ. ಭುಜ ಸೋತುಹೋಗುವ ತನಕ ಕಡೆದೆ. ಕೂಡಿಕೊಂಡಿತು. ಈ ಸಲ ಒಗ್ಗರಣೆಯ ಕಡೆ ತಿರುಗಿಯೂ ನೋಡಲಿಲ್ಲ.

ಎಡೆ ಹೋಯಿತು. ಪಂಕ್ತಿ ಕೂತಿತು. ಬಡಿಸಲು ಹೋದವರು ಎರಡೆರಡು ಸಲ ಬಕೆಟ್ ತುಂಬಿಸಿಕೊಂಡು ಹೋದರು. ಎಡೆಯ ಪ್ರಸಾದ ತೆಗೆದುಕೊಂಡ ಮೇಲೆ ಅಜ್ಜಿ ತಾವೇ ಒಳಗೆ ಬಂದು, ಮಾಡಿದವರು ಯಾರೆಂದು ಕೇಳಿದರು. ಕಂಟ್ರಾಕ್ಟರ್ ನನ್ನನ್ನು ಮುಂದಕ್ಕೆ ತಳ್ಳಿದ. ಬಾಯಿಗಿಡದೆ ಇಷ್ಟು ಹದ ಬರುವುದೆಂದರೆ ಅದು ಪುಣ್ಯದ ಕೈ ಎಂದು ಅಜ್ಜಿ ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ಅವರು ಹೋದ ಮೇಲೆ ಕಂಟ್ರಾಕ್ಟರ್, ಸೀಸನ್ನಿಗೆಲ್ಲ ಇನ್ನು ನೀವೇ ಅಕ್ಕ ಎಂದ. ನಾನು ಕೇಳಬೇಕೆಂದಿದ್ದ ಮಾತು ಅದೇ. ಒಂದು ಪಂಕ್ತಿ ಎದ್ದು ಇನ್ನೊಂದು ಕೂರುವಷ್ಟು ಹೊತ್ತು ನಿಜವಾಗಿಯೂ ಸಂತೋಷವಾಗಿತ್ತು.

ಆಮೇಲೆ ಕೈ ತೊಳೆಯಲು ಹೋದಾಗ ಕಿಟಕಿಯಿಂದ ಅಂಗಳ ಕಾಣಿಸಿತು. ಅವಳು ನಲ್ಲಿಯ ಹತ್ತಿರ ಕೂತು ತನ್ನ ಚಮಚಗಳನ್ನು ಒಂದೊಂದಾಗಿ ತೊಳೆದು ಬಟ್ಟೆಯ ಮೇಲೆ ಹರಡುತ್ತಿದ್ದಳು. ಅಳುತ್ತಿರಬಹುದು ಅಂದುಕೊಂಡಿದ್ದೆ, ಅಳುತ್ತಿರಲಿಲ್ಲ. ಮುಖ ತಿಳಿಯಾಗಿತ್ತು. ಯಾರ ಮುಖ ಕಂಡರೂ ಕಣ್ಣು ತಪ್ಪಿಸಬೇಕಾದ ಹಣೆಬರಹ ಅವಳಿಗಿಲ್ಲವಲ್ಲ ಅನ್ನಿಸಿ ಅದಕ್ಕೂ ನನ್ನ ಹೊಟ್ಟೆ ಉರಿಯಿತು. ಅವಳ ಕೆಲಸ ಕಿತ್ತುಕೊಂಡು, ಅವಳ ಕಡೆಗೋಲಿನಲ್ಲಿ ಕಡೆದು, ಅವಳ ಉಪಾಯದಿಂದ ಪಾರಾಗಿ, ಪುಣ್ಯದ ಕೈ ಅನ್ನಿಸಿಕೊಂಡವಳು ನಾನು. ಇಷ್ಟಾದ ಮೇಲೂ ಅವಳದೇ ಏನೋ ಒಂದು ನನಗೆ ಬೇಕಿತ್ತು.

ಕೊನೆಯ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಕಂಟ್ರಾಕ್ಟರ್ ಅಂಗಳಕ್ಕೆ ಹೋದ. ಕಡೆಗೋಲು ವಾಪಸು ಕೊಡುವ ನೆಪದಲ್ಲಿ ನಾನೂ ಹೋದೆ. ನಾಳೆಯಿಂದ ಬರುವುದು ಬೇಡ ಎಂದು ಅವನು ಅವಳಿಗೆ ಹೇಳುತ್ತಿದ್ದ. ಹೇಳಿದ ಮೇಲೂ ಮಾಡಿದರೆ ನಾನೇನು ಮಾಡಲಿ, ಈ ಮನೆಯವರು ನಾಲ್ಕು ಕಡೆ ಆಡಿಕೊಂಡರೆ ನನಗೆ ಅಡುಗೆ ಯಾರು ಕೊಡುತ್ತಾರೆ ಎಂದ. ಅವಳು ಚಮಚಗಳನ್ನು ಬಟ್ಟೆಯಲ್ಲಿ ಸುತ್ತತೊಡಗಿದಳು. ಸುಮ್ಮನೆ ಕಡೆಗೋಲು ಕೊಟ್ಟು ತಿರುಗಿ ಬಂದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು.

"ನಾನು ಹೇಳಿರ್ಲಿಲ್ಲ ಕಣಪ್ಪ," ಎಂದೆ. "ಹೇಳಿದ್ದೆ ಅಂದಿದ್ದು ಸುಳ್ಳು."

ಕಂಟ್ರಾಕ್ಟರನಿಗೆ ಮೊದಲು ಅರ್ಥವೇ ಆಗಲಿಲ್ಲ. ಮರೆತುಹೋಯಿತಾ ಎಂದು ಕೇಳಿ ನನಗೊಂದು ದಾರಿ ಬಿಟ್ಟುಕೊಟ್ಟ. ಇಲ್ಲ, ಬೇಕೆಂದೇ ಹೇಳಲಿಲ್ಲ, ಹೊಟ್ಟೆಕಿಚ್ಚು ಎಂದೆ. ಡ್ರೆಸ್ಸಿಂಗಿನ ಕೆಲಸ ಅವಳಿಗೇ ಕೊಡುತ್ತೇನೆ ಎಂದು ಅವನು ಹೇಳಿದ. ಕೊಡಬೇಕಾದ್ದೇ ಎಂದೆ. ನಿಜ ಹೇಳಿದರೆ ಮನಸ್ಸು ಹಗುರವಾಗುತ್ತದೆ ಅನ್ನುತ್ತಾರಲ್ಲ, ನನಗೆ ಅಂಥದ್ದೇನೂ ಆಗಲಿಲ್ಲ. ಅವಳು ಕ್ಷಮಿಸುತ್ತಾಳೆ, ಅಜ್ಜಂಪುರದಲ್ಲಿ ಮಾಡಿದ ಹಾಗೆ ನನ್ನ ಮಾನ ಮುಚ್ಚುತ್ತಾಳೆ ಎಂದು ಕಾಯುತ್ತಿದ್ದೆ ಅಂತ ಕಾಣುತ್ತದೆ.

ಅವಳು ಗಂಟು ಕಟ್ಟಿ ಎದ್ದು ನಿಂತಳು.

"ಸುಳ್ಳು ಹೇಳುವಾಗ ಅಡುಗೆಮನೆ ತುಂಬ ಜನ ಇದ್ರು ಅಕ್ಕ. ನಿಜ ಹೇಳೋಕೆ ಈ ಪಾತ್ರೆ ತೊಳೆಯೋ ಜಾಗ ಹುಡುಕ್ಕೊಂಡ್ ಬಂದಿದ್ದೀರ. ಆ ಅಜ್ಜಿ ಕಣ್ಣಲ್ಲಿ ನಾನಿನ್ನೂ ಎಂಜಲು ಮಾಡಿದೋಳೇ."

ದನಿಯಲ್ಲಿ ಕೋಪವೂ ಇರಲಿಲ್ಲ. ಉಪ್ಪು ಕಮ್ಮಿಯಾಗಿದೆ ಎನ್ನುವ ಹಾಗೆ ಹೇಳಿದಳು.

ಊಟದ ಹಾಲಿನಲ್ಲಿ ಕೊನೆಯ ಪಂಕ್ತಿ ಕೂತಿತ್ತು. ಮನೆಯ ಹೆಂಗಸರು, ಅಡುಗೆಯವರು, ಬಡಿಸಿ ದಣಿದವರು ಎಲ್ಲ ಒಟ್ಟಿಗೆ. ನಡುವೆ ಅಜ್ಜಿ. ಬಾಗಿಲಿನಿಂದ ಅಜ್ಜಿಯ ಎಲೆಯ ತನಕ ಹೋಗುವುದು ಎಷ್ಟು ದೂರ ಎಂದು ಅವತ್ತು ಗೊತ್ತಾಯಿತು. ಎದುರಿಗೆ ನಿಂತು, ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದೆ. ಆ ಹುಡುಗಿಗೆ ನಿಮ್ಮ ಮನೆಯ ಪದ್ಧತಿ ಹೇಳುವ ಕೆಲಸ ನನ್ನದಾಗಿತ್ತು, ಬೇಕೆಂದೇ ಹೇಳಲಿಲ್ಲ, ಹೇಳಿದ್ದೆ ಎಂದು ಸುಳ್ಳಾಡಿದೆ, ಅವಳದು ತಪ್ಪಿಲ್ಲ. ಅಡುಗೆಯವರ ಕೈಗಳು ಎಲೆಯ ಮೇಲೆಯೇ ನಿಂತವು. ನನ್ನ ಜೊತೆ ಬೇಳೆ ಆರಿಸುತ್ತಿದ್ದವಳು ತಲೆ ತಗ್ಗಿಸಿದಳು.

ಅಜ್ಜಿ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದರು.

"ಎಲೆ ಮುಂದೆ ಕೂತಿದ್ದೀನಿ. ಅನ್ನದ ಮುಂದೆ ಯಾರಿಗೂ ಏನೂ ಅನ್ನಬಾರ್ದು," ಎಂದರು. "ಆ ಹುಡುಗೀನ ಕರ್ಕೊಂಡ್ಬಾ. ಇಲ್ಲಿ ನನ್ನ ಪಕ್ಕದಲ್ಲಿ ಇನ್ನೊಂದು ಎಲೆ ಹಾಕು. ನೀನೇ ಬಡಿಸು."

ಕರೆತಂದೆ. ಎಲೆ ಹಾಕಿ ನೀರು ಚಿಮುಕಿಸಿದೆ. ಅವಳು ಅಜ್ಜಿಯ ಪಕ್ಕದಲ್ಲಿ ಕಾಲು ಮಡಿಸಿ ಕೂತಳು. ನಾನು ಉಪ್ಪು ಬಡಿಸಿದೆ, ಸಲಾಡ್ ಬಡಿಸಿದೆ, ಅದರ ಮೇಲೆ ಡ್ರೆಸ್ಸಿಂಗ್ ಹಾಕಿದೆ. ಅವಳು ಬೆರಳ ತುದಿಯಲ್ಲಿ ತೆಗೆದು ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿ, ತೆರೆದು, ಉಪ್ಪು ಸರಿಯಾಗಿ ಕೂತಿದೆ ಎಂದು ಅಜ್ಜಿಗೆ ಹೇಳಿದಳು, ನನಗಲ್ಲ. ಅಜ್ಜಿ ತಮ್ಮ ಮಿಳ್ಳೆಯಿಂದ ತಾವೇ ಅವಳ ಅನ್ನಕ್ಕೆ ತುಪ್ಪ ಬಿಟ್ಟು, ನಿನ್ನ ಊರು ಯಾವುದು, ಯಾರ ಪೈಕಿ ಎಂದು ಕೇಳತೊಡಗಿದರು. ಇಬ್ಬರೂ ಹಳೆಯ ನೆಂಟರ ಹಾಗೆ ಮಾತಿಗಿಳಿದರು.

ತಪ್ಪು ನನ್ನದು, ಒಪ್ಪಿಕೊಂಡದ್ದೂ ನಾನೇ. ಅದೆಲ್ಲ ಚೆನ್ನಾಗಿ ಗೊತ್ತಿದ್ದೂ, ಬಕೆಟ್ ಹಿಡಿದು ಬೆನ್ನು ಬಗ್ಗಿಸಿ ನಿಂತಾಗ ನನಗೆ ಅನ್ನಿಸಿದ್ದು ಒಂದೇ. ಆ ಎಲೆಯ ಮುಂದೆ ಕೂರಬೇಕಾದವಳು ನಾನಾಗಿದ್ದೆ. ಆ ತುಪ್ಪ ನನ್ನ ಎಲೆಗೆ ಬೀಳಬೇಕಿತ್ತು. ನಾಚಿಕೆಯಾಯಿತು, ಆದರೂ ಅನ್ನಿಸುವುದು ನಿಲ್ಲಲಿಲ್ಲ.

ಅವಳು ಎಲೆಗೆ ಕೈ ಅಡ್ಡ ಹಿಡಿದು, ಸಾಕು ಅಕ್ಕ ಎಂದಳು. ನಾನು ಆ ಕೈಯ ಪಕ್ಕದಲ್ಲೇ ಇನ್ನೊಂದು ಸೌಟು ಡ್ರೆಸ್ಸಿಂಗ್ ಹಾಕಿ ಮುಂದಿನ ಎಲೆಗೆ ಹೋದೆ.